ವೈಫೈ ಡಬ್ಬಿಯ ಉಸ್ತುವಾರಿ

ಛತ್ರ ಗೊತ್ತು ಮಾಡಲು ಹೋದವರನ್ನು ಒಮ್ಮೆ ಗಮನಿಸಿ ನೋಡಿ. ಮೊದಲು ಅಡುಗೆಮನೆಗೆ ನುಗ್ಗಿ ನಲ್ಲಿ ತಿರುಗಿಸುತ್ತಾರೆ. ನೀರು ಬಂದರೆ "ಬರ್ತಿದೆ" ಎಂದು, ಪಕ್ಕದಲ್ಲೇ ನಿಂತು ಅದೇ ನೀರನ್ನು ನೋಡುತ್ತಿರುವವರಿಗೆ ಹೇಳುತ್ತಾರೆ. ಆಮೇಲೆ ಕೊಳಗ, ಸೌಟುಗಳ ಕಡೆ ಒಂದು ದೃಷ್ಟಿ. ಊಟದ ಹಾಲಿನಲ್ಲಿ ಒಂದು ಪಂಕ್ತಿಗೆ ಎಷ್ಟು ಎಲೆ ಬೀಳುತ್ತದೆ ಎಂದು ಬೆರಳು ಮಡಿಸುತ್ತಾರೆ. ವಧುವಿನ ಕೋಣೆಯ ಕನ್ನಡಿ ಪರೀಕ್ಷಿಸುವ ನೆಪದಲ್ಲಿ ಹೆಂಗಸರೆಲ್ಲ ಒಬ್ಬೊಬ್ಬರಾಗಿ ತಲೆ ಸರಿಮಾಡಿಕೊಳ್ಳುತ್ತಾರೆ. ಗಂಡಸರು ಜನರೇಟರಿಗೆ ಒಂದು ಪ್ರದಕ್ಷಿಣೆ ಹಾಕಿ, ಎತ್ತು ಕೊಳ್ಳಲು ಬಂದವರ ಹಾಗೆ ಅದರ ಬೆನ್ನು ತಟ್ಟಿ ಬರುತ್ತಾರೆ. ಇಷ್ಟಾದ ಮೇಲೆ ಮುಂಗಡ ಕೊಟ್ಟು ಮನೆಗೆ ಹೋಗುತ್ತಾರೆ. ನೆಟ್ ಇದೆಯಾ, ಇದ್ದರೆ ಹೇಗಿದೆ ಎಂದು ಒಬ್ಬರೂ ಕೇಳುವುದಿಲ್ಲ. ನಾನು ಕೇಳುತ್ತೇನೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಕೇಳುತ್ತೇನೆ. ಇದನ್ನು ಜಂಬ ಎಂದು ತಿಳಿದವರು ನಮ್ಮ ಬಂಧುವರ್ಗದಲ್ಲಿ ಬೇಕಾದಷ್ಟಿದ್ದಾರೆ. ಇದನ್ನು ಓದಿದ ಮೇಲೆ ಅವರ ಅಭಿಪ್ರಾಯ ಬದಲಾಗುತ್ತದೆ ಎಂಬ ನಂಬಿಕೆ ನನಗಿದೆ. ಯಾವ ದಿಕ್ಕಿಗೆ ಬದಲಾಗುತ್ತದೆ ಎಂಬುದಕ್ಕೆ ಮಾತ್ರ ನಾನು ಹೊಣೆಯಲ್ಲ.

ಈಗಿನ ಸಮಾರಂಭಗಳಿಗೆ ಅರ್ಧ ಜನ ಬಸ್ಸಿನಲ್ಲಿ ಬಂದರೆ ಇನ್ನರ್ಧ ಜನ ಫೋನಿನಲ್ಲಿ ಬರುತ್ತಾರೆ. ಬಸ್ಸಿನಲ್ಲಿ ಬಂದವರಿಗೆ ಕುರ್ಚಿ, ಕಾಫಿ, ಪನ್ನೀರು ಎಲ್ಲ ಉಂಟು. ಫೋನಿನಲ್ಲಿ ಬಂದವರನ್ನು ಯಾರ ಕೈಯಲ್ಲೋ ತುರುಕಿ ಮರೆತುಬಿಡುತ್ತೇವೆ. ಶ್ರೀನಿವಾಸಪುರದಲ್ಲಿ ನಮ್ಮ ನಾದಿನಿಯ ಮಗಳ ಸೀಮಂತ ನಡೆದಾಗ, ಮಂಡಿನೋವಿನಿಂದ ಬರಲಾಗದ ನಮ್ಮ ಅತ್ತೆಯವರು ಮುಳಬಾಗಿಲಿನ ಮನೆಯಲ್ಲೇ ರೇಷ್ಮೆ ಸೀರೆ ಉಟ್ಟು ಫೋನಿನ ಮುಂದೆ ಕುಳಿತಿದ್ದರು. ಅಲ್ಲಿ ಫೋನ್ ಹಿಡಿದಿದ್ದ ಮಹಾನುಭಾವರು ಅದನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಊಟಕ್ಕೆ ಹೋದರು. ಅತ್ತೆಗೆ ಕಂಡದ್ದು ಛಾವಣಿಯ ಫ್ಯಾನು. ಅಷ್ಟರಲ್ಲಿ ನೆಟ್ ನಿಂತು ಆ ಫ್ಯಾನೂ ಚಿತ್ರದ ಹಾಗೆ ನಿಂತುಬಿಟ್ಟಿತು. ಕಣ್ಣು ಮಂಜಾದ ಅತ್ತೆ ಅದನ್ನೇ ಬಸುರಿಗೆ ಕಟ್ಟಿದ ಹೂವಿನ ಅಲಂಕಾರವೆಂದು ತಿಳಿದು, ಮೂರು ಸಲ ಅಕ್ಷತೆ ಹಾಕಿ, "ಸಲ್ಲಗಾ ಉಂಡು ತಲ್ಲಿ" ಎಂದು, ತಣ್ಣಗಿರು ತಾಯಿ ಅಂತ ತೆಲುಗಿನಲ್ಲಿ ಮನಸಾರೆ ಹರಸಿದರು. ಮಗು ಚೆನ್ನಾಗಿ ಹುಟ್ಟಿತು, ಅದು ಬೇರೆ ಮಾತು. ಆದರೆ ಆವತ್ತೇ ನಾನು ತೀರ್ಮಾನಿಸಿದೆ: ನನ್ನ ಕೈಗೆ ಒಂದು ಕಾರ್ಯಕ್ರಮ ಸಿಕ್ಕರೆ, ಅಡುಗೆಗೆ ಉಪ್ಪು ಕಡಿಮೆಯಾದರೂ ಚಿಂತೆಯಿಲ್ಲ, ನೆಟ್ಟಿಗೆ ಕೊರತೆಯಾಗಬಾರದು.

ಹಾಗೆ ಸಿಕ್ಕಿದ್ದು ನಮ್ಮ ಶಾಲೆಯ ಗೆಳತಿಯರ ಕೂಟ. ನಾವೆಲ್ಲ ಕೋಲಾರದ ಕಾನ್ವೆಂಟೊಂದರಲ್ಲಿ ಒಟ್ಟಿಗೆ ಓದಿದವರು. ಮದುವೆಯಾಗಿ ಮಾಲೂರು, ಶ್ರೀನಿವಾಸಪುರ, ಕ್ಯಾಲನೂರು, ಗಡಿಯಾಚೆಯ ಆಂಧ್ರ ಎಂದು ಚದುರಿಹೋಗಿ, ಈಗ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವ ವಯಸ್ಸಿಗೆ ವಾಟ್ಸಾಪಿನಲ್ಲಿ ಮತ್ತೆ ಸೇರಿದ್ದೆವು. ಕೂಟಕ್ಕೆ ಮುಖ್ಯ ಕಾರಣ ನಮ್ಮ ತರಗತಿಯ ಟೀಚರ್ ಸಿಸ್ಟರ್ ಬೆನಡಿಕ್ಟಾ. ಅವರೀಗ ದೂರದ ಊರಿನಲ್ಲಿ, ವಯಸ್ಸಾದ ಸಿಸ್ಟರ್‌ಗಳಿಗೆಂದೇ ಇರುವ ಮನೆಯಲ್ಲಿದ್ದಾರೆ. ಕಣ್ಣು ಪೂರ್ತಿ ಹೋಗಿದೆ. ಕಿವಿ ಕೂಡ ದಿನದಿಂದ ದಿನಕ್ಕೆ ಮಂದವಾಗುತ್ತಿದೆ. ಅಲ್ಲಿ ಅವರನ್ನು ನೋಡಿಕೊಳ್ಳುವ ಕಿರಿಯ ಸಿಸ್ಟರ್ ನನಗೆ ಫೋನಿನಲ್ಲಿ ಹೇಳಿದರು: "ಇನ್ನು ಸ್ವಲ್ಪ ಕಾಲಕ್ಕೆ ಏನೂ ಕೇಳಿಸದು ಅಂತ ಅವರಿಗೇ ಗೊತ್ತು. ಭಾಷಣ, ಶಾಲು, ಹಾರ ಏನೂ ಬೇಡವಂತೆ. ಒಂದು ಸಲ ನಿಮ್ಮ ತರಗತಿಯ ಹಾಜರಿ ಕರೀಬೇಕಂತೆ. ಒಬ್ಬೊಬ್ಬರ ದನಿಯೂ ಕೇಳ್ಬೇಕಂತೆ." ಹನ್ನೊಂದಕ್ಕೆ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸುವುದು, ಹನ್ನೆರಡಕ್ಕೆ ಪ್ರಾರ್ಥನೆಯ ಗಂಟೆ ಹೊಡೆದರೆ ಮುಗಿಯಿತು, ಆಮೇಲೆ ಪ್ರಪಂಚ ಬಿದ್ದರೂ ಅವರು ಕೂರುವುದಿಲ್ಲ ಎಂದು ಮಾತಾಯಿತು. ನೆಟ್ಟಿನ ಜವಾಬ್ದಾರಿ ಯಾರದು ಎಂಬ ಪ್ರಶ್ನೆ ಗುಂಪಿನಲ್ಲಿ ಬರುವುದಕ್ಕೂ ನಾನು "ನನಗೆ ಬಿಡಿ" ಎಂದು ಬರೆಯುವುದಕ್ಕೂ ನಡುವೆ ಉಸಿರಾಡುವಷ್ಟೂ ಸಮಯ ಇರಲಿಲ್ಲ.

ಹಾಜರಿಯ ವಿಷಯ ಬಂದದ್ದರಿಂದ ನನ್ನ ಒಂದು ಹಳೆಯ ಸಂಕಟವನ್ನು ಹೇಳಲೇಬೇಕು. ನನ್ನ ಹೆಸರು ಯಶೋದಾ. ಕಾನ್ವೆಂಟಿನಲ್ಲಿ ಹೆಸರುಗಳನ್ನು ಜೋಡಿಸುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ, ಹಾಗಾಗಿ ನಾನು ಎಲ್ಲರಿಗಿಂತ ಕೊನೆ. ಕನ್ನಡದ ಕ್ರಮದಲ್ಲಿ ಕರೆದಿದ್ದರೆ ಗೆಳತಿ ಶಾಹೀನಳನ್ನಾದರೂ ಹಿಂದೆ ಹಾಕುತ್ತಿದ್ದೆ. ಸೂಜಿಮದ್ದಿನ ಸಾಲಿನಲ್ಲಿ ಅಷ್ಟೂ ಹುಡುಗಿಯರ ಅಳು ಕೇಳಿಸಿಕೊಂಡು ಕೊನೆಗೆ ತೋಳು ಚಾಚುತ್ತಿದ್ದವಳು ನಾನು. ಕ್ರಿಸ್‌ಮಸ್ ಕೇಕ್ ಹಂಚುವಾಗ ನನ್ನ ಪಾಲಿಗೆ ಬರುತ್ತಿದ್ದದ್ದು ತುಂಡಲ್ಲ, ತಟ್ಟೆಯ ಅಂಚಿನ ಪುಡಿ. ಸಂಜೆ ಮನೆಗೆ ಬಿಡುವಾಗಲೂ ಅದೇ ಸಾಲು. ಕಿಟಕಿ ಮುಚ್ಚುವುದು, ಕಪ್ಪುಹಲಗೆ ಒರೆಸುವುದು, ದೀಪ, ಫ್ಯಾನು ಆರಿಸುವುದು ಎಲ್ಲ ಕೊನೆಯವಳ ಕೆಲಸ. ಒಂದು ದಿನ ನಾನು ಮುಖ ಊದಿಸಿಕೊಂಡಿದ್ದನ್ನು ನೋಡಿ ಸಿಸ್ಟರ್ ತಲೆ ಸವರಿ, "ಕೊನೆಯಲ್ಲಿ ಹೊರಡುವವರೇ ಕೋಣೆಗೆ ಯಜಮಾನಿ" ಎಂದಿದ್ದರು. ಅವರು ದೊಡ್ಡವರಾದ ಮೇಲೆ ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತವರು; ಎಲ್ಲರಿಗೂ ಬಹುವಚನ, ಎಲ್ಲ ಮಾತಿಗೂ ಪೂರ್ಣವಿರಾಮ. ಆ ಒಂದು ಮಾತಿನ ಬಲದಿಂದ ಹತ್ತನೆಯ ತರಗತಿಯವರೆಗೂ ನಾನು ಗೊಣಗದೆ ಕೋಣೆಯ ಯಜಮಾನಿಕೆ ಮಾಡಿದೆ. ಹಾಗಾಗಿ, ಅಷ್ಟು ವರ್ಷಗಳ ಮೇಲೆ ಆ ದನಿಯಲ್ಲಿ ನನ್ನ ಹೆಸರನ್ನು ಇನ್ನೊಮ್ಮೆ ಕೇಳುವ ಆಸೆ ನನಗೂ ಇತ್ತು ಎಂದರೆ ನೀವು ನಗಬಾರದು.

ಎಲ್ಲರಿಗೂ ನಡುವೆ ಎಂದು ಮುಳಬಾಗಿಲನ್ನೇ ಆರಿಸಿದೆವು. ನಾನು ಇರುವ ಊರೂ ಅದೇ. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಬಂಡೆಗುಡ್ಡದ ಬುಡದಲ್ಲಿ ಒಂದು ಪುಟ್ಟ ಛತ್ರವಿದೆ. ಅದರ ಮ್ಯಾನೇಜರ್ ಮುನಿಸ್ವಾಮಪ್ಪ ನನ್ನನ್ನು ಕಂಡ ಕೂಡಲೇ ಅಡುಗೆಮನೆಯ ನಲ್ಲಿ ತಿರುಗಿಸಲು ಹೊರಟರು.

"ನೀರು ಆಮೇಲೆ ನೋಡೋಣ. ನೆಟ್ ಹೇಗಿದೆ ಇಲ್ಲಿ?" ಎಂದೆ.

ಅವರ ಕೈ ನಲ್ಲಿಯ ಮೇಲೇ ನಿಂತಿತು. "ನೆಟ್ಟಾ? ಹೊರಗಡೆ ಮೆಟ್ಟಿಲ ಮೇಲೆ ನಿಂತ್ಕೊಂಡ್ರೆ ಫೋನು ಚೆನ್ನಾಗೇ ಸಿಗ್ತದಮ್ಮಾ."

"ಮತ್ತೆ ಒಳಗಡೆ?"

"ಒಳಗಡೆ ಯಾಕಮ್ಮಾ ಫೋನು? ಒಳಗಡೆ ಮದುವೆ ನಡೀತಿರ್ತದಲ್ಲ!"

ನಮ್ಮ ಯಜಮಾನರು ಪಕ್ಕದಲ್ಲಿ ನಿಂತು ಕೆಮ್ಮಿದರು. ಅವರು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಡುವವರು. ನಗು ಬಂದಾಗ ಕೆಮ್ಮುವುದು ಅವರಿಗೆ ತರಗತಿಯಲ್ಲಿ ಅಂಟಿದ ಅಭ್ಯಾಸ. ನಾನು ಸೋಲಲಿಲ್ಲ. ಬೀದಿಯ ಕಂಬದಿಂದ ಆ ದಿನಕ್ಕೆಂದೇ ತಂತಿ ಎಳೆಸಿ ವೈಫೈ ಹಾಕಿಸುವುದು ಎಂದು ತೀರ್ಮಾನಿಸಿದೆ. ನಮ್ಮ ಬೀದಿಗೆ ಹಿಂದೆ ಕೇಬಲ್ ಟೀವಿ ಕೊಡುತ್ತಿದ್ದ ವೆಂಕಟರಮಣ ಈಗ ನೆಟ್ ಕೊಡುತ್ತಾನೆ. ಅವನು ಬಂದು ಛತ್ರವನ್ನು ಮೇಲೆ ಕೆಳಗೆ ನೋಡಿ, "ಪರ್ವಾಲೇದಕ್ಕಾ, ಇಡ್ಕೊಂಡು ಎಳೆದ್ರೂ ಹೋಗ್ದೇ ಇರೋ ಹಂಗೆ ನೆಟ್ ಕೊಡ್ತೀನಿ" ಎಂದ. ತಂತಿ ವಧುವಿನ ಕೋಣೆಯ ಕಿಟಕಿಯಿಂದ ಒಳಗೆ ಬಂತು. ಡಬ್ಬಿಯನ್ನು ಅಲ್ಲೇ, ಬಾಗಿಲ ಪಕ್ಕದ ಸ್ವಿಚ್ ಬೋರ್ಡಿನ ಕೆಳಗೆ ಸ್ಟೂಲಿನ ಮೇಲೆ ಕೂರಿಸಿದೆವು. ಹಸಿರು ದೀಪಗಳು ಮಿಣುಕಿದವು. ನಾನು ವೇದಿಕೆಯ ಮೇಲೆ, ಯಜಮಾನರು ಅಡುಗೆಮನೆಯಲ್ಲಿ ನಿಂತು ವಿಡಿಯೋ ಕರೆ ಮಾಡಿ ಪರೀಕ್ಷಿಸಿದೆವು. "ಏನ್ರೀ, ಕಾಣ್ತಿದೀನಾ?" ಎಂದೆ. "ಮನೇಲಿ ಕಾಣೋದಕ್ಕಿಂತ ಚೆನ್ನಾಗಿ ಕಾಣ್ತಿದೀಯ ಕಣೇ. ದನಿ ಸ್ವಲ್ಪ ಕಡಿಮೆ ಬರೋ ಹಾಗೆ ಮಾಡೋಕಾಗುತ್ತಾ ಕೇಳು" ಎಂದರು. ಜನರೇಟರ್ ಹಾಕಿಸಿ, ಆರಿಸಿ, ಮತ್ತೆ ಹಾಕಿಸಿ ನೋಡಿದೆವು. ಡಬ್ಬಿ ಮತ್ತೆ ಎಚ್ಚರಗೊಂಡು ಮಿಣುಕಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ ಎಂಬುದನ್ನು ಬಿಟ್ಟರೆ ದೋಷವೇ ಇರಲಿಲ್ಲ. ಒಂದು ಸಭೆಗೆ ಇಷ್ಟು ತಯಾರಿ ನಮ್ಮ ತಾಲ್ಲೂಕಿನಲ್ಲಿ ಯಾರೂ ಮಾಡಿರಲಾರರು ಎಂದು ನಾನು ಈಗಲೂ ಹೇಳುತ್ತೇನೆ.

ಆ ದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬೀಗ ತೆಗೆಸಿದವಳು ನಾನೇ. ಒಬ್ಬೊಬ್ಬರಾಗಿ ಬಂದರು. ಕ್ಯಾಲನೂರಿನ ಅನ್ನಪೂರ್ಣ ಎಮ್ಮೆ ಹಾಲಿನ ಕೋವ ಹೊತ್ತು ತಂದಿದ್ದಳು. ಅವಳ ಮನೆಯಲ್ಲಿ ಹಸು, ಎಮ್ಮೆ ಸೇರಿ ಒಂದು ಸಣ್ಣ ಸೈನ್ಯವೇ ಇದೆ, ಅವುಗಳನ್ನು ಕೂಗಿ ಕೂಗಿ ಬಂದ ದನಿಯೂ ಹಾಗೇ ಇದೆ. ಕೋಲಾರದಲ್ಲಿ ಬಟ್ಟೆ ವ್ಯಾಪಾರದ ಮನೆತನದ ಶಾಹೀನ್ ನನ್ನ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಏನೂ ಹೇಳದೆ ಬಿಟ್ಟಳು. ಅವಳು ಏನಾದರೂ ಹೇಳಿದ್ದರೇ ವಾಸಿಯಿತ್ತು. ಗಡಿಯಾಚೆಯಿಂದ ಬರಬೇಕಿದ್ದ ಪದ್ಮಿನಿಯದು ಮಾತ್ರ ಸುಳಿವಿಲ್ಲ. ನಂಗಲಿಯ ಹತ್ತಿರ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡಿದ್ದೇನೆ ಎಂದು ಫೋನ್ ಬಂತು. "ಅವಳು ಪ್ರಾರ್ಥನೆಗೆ ಯಾವತ್ತು ಟೈಮಿಗೆ ಬಂದಿದ್ದಳು?" ಎಂದು ಎಲ್ಲರೂ ನಕ್ಕೆವು. ಸಮಯಕ್ಕೆ ಮುಂಚೆ ಬಂದವಳ ಗತ್ತಿನಲ್ಲಿ ನಾನು ಸ್ವಲ್ಪ ಹೆಚ್ಚೇ ನಕ್ಕೆ.

ಹನ್ನೊಂದಕ್ಕೆ ಸರಿಯಾಗಿ ಗೋಡೆಯ ಪರದೆಯ ಮೇಲೆ ಸಿಸ್ಟರ್ ಬೆನಡಿಕ್ಟಾ ಮೂಡಿದರು. ಮುಖ ಚಿಕ್ಕದಾಗಿತ್ತು, ಕತ್ತು ಬಾಗಿತ್ತು. ಆದರೆ ನಿಲುವಂಗಿಯ ತೋಳಿನಲ್ಲಿ ಕರವಸ್ತ್ರ ಸಿಕ್ಕಿಸಿಕೊಳ್ಳುವ ರೀತಿ ಹಾಗೇ ಇತ್ತು. ನಾವು ಯಾರೂ ಹೇಳದೆಯೇ ಎದ್ದು ನಿಂತಿದ್ದೆವು. "ಕುಳಿತುಕೊಳ್ಳಿ ಮಕ್ಕಳೇ. ಕುರ್ಚಿಗಳನ್ನು ಎಳೆಯಬೇಡಿರಿ" ಎಂದರು. ಮೊಮ್ಮಕ್ಕಳನ್ನು ಕಂಡ ಹೆಂಗಸರು ಕುರ್ಚಿಗಳನ್ನು ಎತ್ತಿ ಇಟ್ಟುಕೊಂಡು ಕುಳಿತರು. ಸಿಸ್ಟರ್ ಕಣ್ಣು ಮುಚ್ಚಿ, ಕೈಯಲ್ಲಿದ್ದ ಜಪಮಾಲೆಯ ಒಂದೊಂದು ಮಣಿ ಸರಿಸುತ್ತ ಹಾಜರಿ ಶುರು ಮಾಡಿದರು. ಪಟ್ಟಿ ಇಲ್ಲ, ಏನಿಲ್ಲ. ಎಲ್ಲ ಬಾಯಿಪಾಠ.

"ಅನ್ನಪೂರ್ಣ."

"ಪ್ರೆಸೆಂಟ್ ಸಿಸ್ಟರ್!" ಎಂದು ಅನ್ನಪೂರ್ಣ ಕೂಗಿದ ರಭಸಕ್ಕೆ ಸಿಸ್ಟರ್ ಸ್ವಲ್ಪ ಹಿಂದೆ ಸರಿದರು. "ನಿಮ್ಮ ದನಿ ಆರೋಗ್ಯವಾಗಿದೆ" ಎಂದರು.

ಹೀಗೆ ಒಬ್ಬೊಬ್ಬರಿಗೂ ಒಂದೊಂದು ಮಾತು. ನನ್ನ ಸರದಿ ಬರಲು ಇನ್ನೂ ಬೇಕಾದಷ್ಟು ಹೊತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ಹರಟೆಗೆ ಕುಳಿತವಳ ಹಾಗೆ ನನ್ನ ಮನಸ್ಸೆಲ್ಲ ಡಬ್ಬಿಯ ಮೇಲಿತ್ತು. ಮೆಲ್ಲನೆ ಎದ್ದು ವಧುವಿನ ಕೋಣೆಗೆ ಹೋಗಿ ಬಗ್ಗಿ ನೋಡಿದೆ. ಹಸಿರು ದೀಪಗಳೆಲ್ಲ ಸರಿಯಾಗಿ ಮಿಣುಕುತ್ತಿದ್ದವು. ಸಮಾಧಾನವಾಯಿತು. ಹೊರಗೆ ಬಂದು ಕುರ್ಚಿಯ ಹತ್ತಿರ ತಲುಪುವಷ್ಟರಲ್ಲಿ ಪರದೆಯ ಮೇಲೆ ಸಿಸ್ಟರ್ ಬಾಯಿ ಅರ್ಧ ತೆರೆದಂತೆ ನಿಂತುಬಿಟ್ಟಿದ್ದರು. ಒಂದು ಕ್ಷಣ ಎಲ್ಲರಿಗೂ ಎದೆ ಧಸಕ್ಕೆಂದಿತು. ಆಮೇಲೆ ಪರದೆಯ ನಡುವೆ ಚಕ್ರ ಸುತ್ತತೊಡಗಿದಾಗ, ನಿಂತದ್ದು ಸಿಸ್ಟರ್ ಅಲ್ಲ, ನೆಟ್ ಎಂದು ತಿಳಿದು ಉಸಿರು ಬಿಟ್ಟೆವು.

ನಾನು ಓಡಿದೆ. ಕೋಣೆ ಕತ್ತಲಾಗಿತ್ತು. ಬೋರ್ಡಿನ ಸ್ವಿಚ್‌ಗಳೆಲ್ಲ ಆರಿದ್ದವು. "ಯಾರೇ ಇದು ಆಫ್ ಮಾಡಿದ್ದು?" ಎಂದು ಕೂಗಿ, ಹಾಕಿ, ಡಬ್ಬಿ ಎಚ್ಚರಗೊಳ್ಳುವವರೆಗೂ ಅದನ್ನೇ ದುರುಗುಟ್ಟಿ ನೋಡುತ್ತ ನಿಂತೆ. ಹಸಿರು ಕಂಡದ್ದೇ ಬಾಗಿಲಿಂದಲೇ "ಬಂತು, ಬಂತು!" ಎಂದು ಕೂಗಿದೆ. ಪರದೆಯ ಮೇಲೆ ಸಿಸ್ಟರ್ ಮತ್ತೆ ಬಂದರು. ನಾವು ಬಿಟ್ಟಲ್ಲಿಂದ ಮುಂದುವರಿಯಲಿ ಎಂದುಕೊಂಡರೆ, ಅವರು ಜಪಮಾಲೆಯನ್ನು ಮೊದಲಿನಿಂದ ಹಿಡಿದರು. "ಕ್ಷಮಿಸಿರಿ ಮಕ್ಕಳೇ. ನಡುವಿನಿಂದ ನನಗೆ ಬಾರದು. ಆರಂಭದಿಂದಲೇ ಬರಬೇಕು. ಅನ್ನಪೂರ್ಣ."

"ಪ್ರೆಸೆಂಟ್ ಸಿಸ್ಟರ್!" ಅನ್ನಪೂರ್ಣಳಿಗೆ ಎರಡನೆಯ ಸಲ ಹಾಜರಾಗುವ ಸಂಭ್ರಮ. ಅವಳು ಉತ್ತರ ಕೊಟ್ಟು, ತನ್ನ ಕೆಲಸ ಮುಗಿಯಿತೆಂದು ಎದ್ದು ವಧುವಿನ ಕೋಣೆಯ ಕಡೆ ನಡೆದಳು. ನನ್ನ ಕಣ್ಣು ಅವಳ ಬೆನ್ನ ಹಿಂದೆಯೇ ಹೋಯಿತು. ಇತ್ತ ಹಾಜರಿ ಸಾಗಿತ್ತು. "ಪದ್ಮಿನಿ" ಎಂದು ಕರೆದಾಗ, ಶಾಹೀನ್ ಪಾಪ ಗೆಳತಿಯನ್ನು ಉಳಿಸಲು ದನಿ ಸಣ್ಣ ಮಾಡಿ "ಪ್ರೆಸೆಂಟ್ ಸಿಸ್ಟರ್" ಎಂದಳು. ಸಿಸ್ಟರ್ ಮಣಿಯನ್ನು ಸರಿಸಲಿಲ್ಲ. "ಶಾಹೀನ್. ನಿಮ್ಮ ಸರದಿ ಇನ್ನೂ ಬಂದಿಲ್ಲ. ಪದ್ಮಿನಿಯವರು ಗೈರುಹಾಜರು" ಎಂದರು. ಕಣ್ಣಿಲ್ಲದಿದ್ದರೂ ಕಳ್ಳತನ ಹಿಡಿಯುವುದರಲ್ಲಿ ಅವರು ಸ್ವಲ್ಪವೂ ಬದಲಾಗಿರಲಿಲ್ಲ. ಹಾಲು ನಗೆಯಲ್ಲಿ ತೇಲುತ್ತಿರುವಾಗ ನಾನು ಕೋಣೆಗೆ ಹೋದೆ. ಅನ್ನಪೂರ್ಣ ಕನ್ನಡಿಯ ಮುಂದೆ ಹೂವು ಮುಡಿದುಕೊಳ್ಳುತ್ತಿದ್ದಳು.

"ಲೇ ಅನ್ನಪೂರ್ಣ, ನಡಿಯೇ ಹೊರಗೆ. ಇಲ್ಲಿ ಯಾರೂ ಬರೋ ಹಾಗಿಲ್ಲ."

"ಏನೇ ಇದು, ಕನ್ನಡಿ ನೋಡ್ಕೊಂಡ್ರೆ ನಿನ್ನ ನೆಟ್ಟಿಗೆ ದೃಷ್ಟಿ ಆಗುತ್ತಾ?"

"ಆಗುತ್ತೆ. ನಡಿ."

ಅವಳನ್ನು ಮುಂದೆ ತಳ್ಳಿಕೊಂಡು, ನಾನು ಹಿಂದೆ ಬಂದೆ. ಹಾಲಿಗೆ ಬರುವಷ್ಟರಲ್ಲಿ ಸಿಸ್ಟರ್ ಮತ್ತೆ ಚಿತ್ರವಾಗಿದ್ದರು.

ಈ ಸಲ ನನಗೆ ಸಂಶಯವೇ ಉಳಿಯಲಿಲ್ಲ. "ನೀನೇ ಆಫ್ ಮಾಡಿದ್ದು!" ಎಂದೆ ಅನ್ನಪೂರ್ಣಳಿಗೆ. "ನಾನ್ಯಾಕೆ ಮಾಡ್ಲಿ? ನನ್ನ ಎರಡೂ ಕೈ ಜಡೇಲಿತ್ತು ಕಣೇ!" ಎಂದು ಅವಳು ದನಗಳಿಗೂ ಕೇಳಿಸುವಂತೆ ಕೂಗಿದಳು. ನಾನು ಮುನಿಸ್ವಾಮಪ್ಪನವರನ್ನು ಕರೆದು ಛತ್ರದ ವೈರಿಂಗನ್ನು ಬೈದೆ. ವೆಂಕಟರಮಣನಿಗೆ ಫೋನ್ ಮಾಡಿ ಬೈದೆ. "ಅಕ್ಕಾ, ಸ್ವಿಚ್ಚು ಆರಿಸಿದ್ರೆ ನೆಟ್ಟು ಏನ್ ಮಾಡ್ತದೆ? ನಂದು ಕಂಬದವರೆಗೂ ಸರಿಯಾಗಿದೆ" ಎಂದ. ಕೊನೆಗೆ ಕಾಫಿ ಲೋಟ ಹಿಡಿದು ನಿಂತಿದ್ದ ನಮ್ಮ ಯಜಮಾನರನ್ನೂ, ಸುಮ್ಮನೆ ನಿಂತಿದ್ದಕ್ಕೆ, ಬೈದೆ. ಆಮೇಲೆ ಗೆಳತಿಯರತ್ತ ತಿರುಗಿ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಸಭೆ ಏರ್ಪಡಿಸುವುದು ಎಂದರೆ ಶಿಸ್ತು. ನೆಟ್ ಎಂದರೆ ಸಭೆಯ ಉಸಿರು. ಇಂಥ ಜವಾಬ್ದಾರಿಯ ಜಾಗಕ್ಕೆ ಕೂದಲು ಬಾಚಲು ಹೋಗುವವರಿಗೆ ಏನು ಹೇಳಬೇಕು? ಚೆನ್ನಾಗಿ ಮಾತಾಡಿದೆ ಎಂದೇ ನೆನಪು. ಶಾಹೀನ್ ಗಡಿಯಾರ ತೋರಿಸಿದಳು. "ಅರೆ ಯಶೂ, ಬೈಯೋದು ಊಟ ಆದ್ಮೇಲೆ ಇಟ್ಕೋ. ಗಂಟೆ ಹೊಡೆದ್ರೆ ಸಿಸ್ಟರ್ ಎದ್ದು ಹೋಗ್ತಾರೆ."

ಹೌದು, ಹೊತ್ತು ಓಡುತ್ತಿತ್ತು. ಇದೇ ಕೊನೆಯ ಅವಕಾಶ. ಇನ್ನು ಯಾರನ್ನೂ ನಂಬುವ ಹಾಗಿಲ್ಲ ಎಂದು ನಾನೇ ವಧುವಿನ ಕೋಣೆಯೊಳಗೆ ಹೋಗಿ, ಸ್ವಿಚ್ ಹಾಕಿ, ಡಬ್ಬಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕುಳಿತೆ. ಹಸಿರು ಬಂತು. ಹಾಲಿನಿಂದ ಸಿಸ್ಟರ್ ದನಿ ಕೇಳಿಸಿತು. "ಆರಂಭದಿಂದ. ಅನ್ನಪೂರ್ಣ." ಮೂರನೆಯ ಸಲ ಅವಳ ದನಿಯಲ್ಲಿ ಸಂಭ್ರಮಕ್ಕಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚಿತ್ತು. ಈ ಸಲ ಸಿಸ್ಟರ್ ಬೇಗ ಬೇಗ ಕರೆದರು. ಪದ್ಮಿನಿಯ ಹೆಸರು ಬರುವ ಹೊತ್ತಿಗೆ ಬಾಗಿಲಲ್ಲಿ ಧಡಧಡ ಸದ್ದಾಯಿತು. "ಪ್ರೆಸೆಂಟ್ ಸಿಸ್ಟರ್!" ಎಂದು ಏದುಸಿರಿನ ನಿಜವಾದ ಪದ್ಮಿನಿಯೇ ಉತ್ತರಿಸಿದಳು. ನಂಗಲಿಯ ಲಾರಿಗಳು ಅವಳನ್ನು ಆ ಕ್ಷಣಕ್ಕೆ ಸರಿಯಾಗಿ ಬಿಟ್ಟಿದ್ದವು. "ತಡವಾಯಿತು. ಆದರೂ ಸಂತೋಷ" ಎಂದರು ಸಿಸ್ಟರ್. ನೆಟ್ ಹೋಗದೆ ಇದ್ದಿದ್ದರೆ ಅವಳು ಗೈರುಹಾಜರಾಗಿಯೇ ಉಳಿಯುತ್ತಿದ್ದಳಲ್ಲ ಎಂದು ನನಗೂ ಒಳಗೊಳಗೇ ಸಂತೋಷವಾಯಿತು. ಕೆಟ್ಟದ್ದರಲ್ಲೂ ಒಳ್ಳೆಯದನ್ನು ನೋಡುವ ಸ್ವಭಾವ ನನ್ನದು.

ಹೆಸರುಗಳು ಹತ್ತಿರ ಬರತೊಡಗಿದವು. ಶಾಹೀನ್ ಆಯಿತು. "ಈಗ ನಿಮ್ಮ ಸರದಿ, ಈಗ ಹೇಳಿರಿ" ಎಂದು ಸಿಸ್ಟರ್ ತಮಾಷೆ ಮಾಡಿದ್ದೂ ಕೇಳಿಸಿತು. ಇನ್ನು ಒಬ್ಬಳು, ವಸಂತಾ. ಆಮೇಲೆ ನಾನು. ಆಗ ತಟ್ಟನೆ ಹೊಳೆಯಿತು: ನಾನು ಇಲ್ಲಿ ಒಳಗೆ ಕುಳಿತು ಉತ್ತರ ಕೊಟ್ಟರೆ ಅದು ಕೇಳಿಸುವುದು ಡಬ್ಬಿಗೆ ಮಾತ್ರ, ಮೈಕ್ ಇರುವುದು ಹಾಲಿನಲ್ಲಿ. ಎದ್ದೆ. ಸೆರಗು ಸರಿಮಾಡಿಕೊಂಡೆ. ಡಬ್ಬಿಯ ಕಡೆ ಕೊನೆಯದಾಗಿ ಒಂದು ಸಲ ನೋಡಿದೆ, ಎಲ್ಲ ಹಸಿರು. ಬಾಗಿಲು ದಾಟಿ ಓಡಿದೆ. ಬಾಗಿಲ ಎದುರಿಗೇ ಯಜಮಾನರು ಕಾಫಿ ಲೋಟದೊಂದಿಗೆ ನಿಂತಿದ್ದರು. ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ನನ್ನ ಬಲಗೈ ಮೇಲಿತ್ತು. ನಾನು ಮೈಕಿನ ಮುಂದೆ ಹೋಗಿ ನಿಂತೆ. ಪರದೆಯ ಮೇಲೆ ಸಿಸ್ಟರ್ ಕೊನೆಯ ಮಣಿ ಹಿಡಿದುಕೊಂಡು, ತುಟಿ ಬಿಚ್ಚಿ, ಹಾಗೇ ನಿಂತಿದ್ದರು. ಅವರ ಹಣೆಯ ಮೇಲೆ ಚಕ್ರ ಸುತ್ತುತ್ತಿತ್ತು.

ಯಜಮಾನರು ಹತ್ತಿರ ಬಂದು, ಕೆಮ್ಮದೆ, ಬಹಳ ಮೃದುವಾಗಿ ಹೇಳಿದರು: "ಯಶೋದಾ, ಹೊರಗೆ ಬರುವಾಗ ನಿನ್ನ ಕೈ ಏನ್ ಮಾಡ್ತು ಗೊತ್ತಾ?"

ಗೊತ್ತಿರಲಿಲ್ಲ. ಆದರೆ ಆ ಕ್ಷಣ ಅಂಗೈಯಲ್ಲಿ ನೆನಪು ಬಂತು. ಬೋರ್ಡಿನ ಮೇಲೆ ಮೇಲಿನಿಂದ ಕೆಳಕ್ಕೆ ಒಂದೇ ಸಲ ಸವರಿದರೆ ಸ್ವಿಚ್‌ಗಳು ಟಕಟಕಟಕ ಎಂದು ಬೀಳುವ ಆ ಪರಿಚಿತ ಸುಖ. ಹತ್ತು ವರ್ಷ ತರಗತಿಯಲ್ಲಿ, ಆಮೇಲೆ ಮನೆಯಲ್ಲಿ, ಕೋಣೆ ಬಿಟ್ಟಾಗಲೆಲ್ಲ ಈ ಕೈ ಮಾಡಿದ ಕೆಲಸ. ಮೊದಲ ಸಲ ಡಬ್ಬಿ ನೋಡಲು ಹೋಗಿ ಹೊರಬಂದವಳು ನಾನು. ಎರಡನೆಯ ಸಲ ಅನ್ನಪೂರ್ಣಳನ್ನು ಮುಂದೆ ಕಳಿಸಿ ಕೊನೆಯಲ್ಲಿ ಹೊರಟವಳೂ ನಾನೇ. ಅನ್ನಪೂರ್ಣ ನನ್ನನ್ನೇ ನೋಡುತ್ತಿದ್ದಳು. ಕೋವದ ದೊಡ್ಡ ತುಂಡೊಂದನ್ನು ತಂದು ನನ್ನ ಕೈಗಿಟ್ಟಳು. ಕೇಕಿನ ಪುಡಿ ತಿಂದು ಬೆಳೆದವಳಿಗೆ ಅಂಥ ತುಂಡು ಸಿಕ್ಕಿದ್ದು ಅದೇ ಮೊದಲು. ಅದನ್ನು ತಿನ್ನದೆ ಕೈಯಲ್ಲೇ ಹಿಡಿದುಕೊಂಡೆ.

ಮತ್ತೆ ಸ್ವಿಚ್ ಹಾಕಿ ಡಬ್ಬಿ ಎಚ್ಚರಗೊಳ್ಳುವಷ್ಟರಲ್ಲಿ ಹನ್ನೆರಡಾಗಿತ್ತು. ಪರದೆಯ ಮೇಲೆ ಖಾಲಿ ಕುರ್ಚಿಯೊಂದೇ ಕಾಣುತ್ತಿತ್ತು. ಮುನಿಸ್ವಾಮಪ್ಪ ಎಲೆ ಹಾಕಲು ಅಪ್ಪಣೆ ಕೇಳಿದರು. ಎಲ್ಲರೂ ಊಟದ ಹಾಲಿಗೆ ಹೋದರು. ನಾನು ಊಟಕ್ಕೆ ಹೋಗದೆ, ಫೋನ್ ಹಿಡಿದುಕೊಂಡು ಮುನಿಸ್ವಾಮಪ್ಪ ಮೊದಲ ದಿನ ಹೇಳಿದ್ದ ಅದೇ ಹೊರಗಿನ ಮೆಟ್ಟಿಲ ಮೇಲೆ ಕುಳಿತೆ. ಪ್ರಾರ್ಥನೆ ಮುಗಿದಿರಬಹುದು ಅನ್ನಿಸುವಷ್ಟು ಹೊತ್ತು ಬಿಟ್ಟು, ಕಿರಿಯ ಸಿಸ್ಟರಿಗೆ ಸಾದಾ ಕರೆ ಮಾಡಿದೆ. ಅವರು "ಒಂದು ನಿಮಿಷ, ಅವರೂ ಕೇಳ್ತಾನೇ ಇದ್ರು" ಎಂದು ಫೋನನ್ನು ಸಿಸ್ಟರ್ ಬೆನಡಿಕ್ಟಾ ಅವರ ಕಿವಿಗಿಟ್ಟರು.

"ಯಶೋದಾ" ಎಂದರು. ಕೇಳಬೇಕೆಂದಿದ್ದ ಹೆಸರು ಕಿವಿಗೆ ಬಿತ್ತು, ಆದರೆ ಪ್ರಶ್ನೆಯ ದನಿಯಲ್ಲಿ. "ನಾನು ನಿಮ್ಮನ್ನು ಕರೆದೆನು. ನೀವು ಉತ್ತರಿಸಲಿಲ್ಲ. ನೀವು ಬಂದಿರಲಿಲ್ಲವೇ?"

"ಬಂದಿದ್ದೆ ಸಿಸ್ಟರ್. ಎಲ್ಲರಿಗಿಂತ ಮೊದಲು ಬಂದಿದ್ದೆ. ನೆಟ್ ಜವಾಬ್ದಾರಿ ನಂದೇ ಆಗಿತ್ತು. ಆದ್ರೆ..." ಎಂದು ಶುರುಮಾಡಿದವಳು, ಅವರಿಗೆ ಕೇಳಿಸಬೇಕಲ್ಲ ಎಂದು ದನಿ ಎತ್ತರಿಸಿ, ಬೀದಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡುವಂತೆ ಕೂಗಿ ಹೇಳಿದೆ: "ಕೋಣೆಯಿಂದ ಹೊರಗೆ ಬರ್ತಾ ನಾನೇ ಸ್ವಿಚ್ ಆರಿಸಿಬಿಟ್ಟೆ ಸಿಸ್ಟರ್! ಮೂರು ಸಲವೂ ನಾನೇ!"

ಅವರಿಗೆ ಕೇಳಿಸಲಿಲ್ಲವೋ, ಬೇಸರವಾಯಿತೋ ತಿಳಿಯಲಿಲ್ಲ. ಆಮೇಲೆ, ತರಗತಿಯಲ್ಲಿ ಲೆಕ್ಕದ ಉತ್ತರ ಪರೀಕ್ಷಿಸುವಾಗಿನ ಅದೇ ಗಂಭೀರ ದನಿಯಲ್ಲಿ ಕೇಳಿದರು: "ಫ್ಯಾನನ್ನು ಸಹ ಆರಿಸಿದಿರಾ?"

"ಹೌದು ಸಿಸ್ಟರ್."

"ದೀಪವನ್ನು?"

"ದೀಪಾನೂ ಸಿಸ್ಟರ್."

"ಹಾಗಾದರೆ ನೀವು ಹಾಜರಿದ್ದಿರಿ" ಎಂದರು. ಮಣಿ ಸರಿದ ಸಣ್ಣ ಸದ್ದು ನನಗೆ ಕೇಳಿಸಿತು. ಆಮೇಲೆ ಅವರು ನಕ್ಕರು. ತರಗತಿಯಲ್ಲಿ ಕರವಸ್ತ್ರದ ಹಿಂದೆ ಅಡಗಿಸಿಕೊಳ್ಳುತ್ತಿದ್ದ ನಗುವನ್ನು ಆವತ್ತು ಅಡಗಿಸಲಿಲ್ಲ. ಕಿವಿ ಮಂದವಾದವರು ತಮ್ಮ ನಗು ಎಷ್ಟು ದೊಡ್ಡದೆಂದು ತಿಳಿಯದೆ ನಗುತ್ತಾರಲ್ಲ, ಹಾಗೆ. ನಾನು "ಪ್ರೆಸೆಂಟ್ ಸಿಸ್ಟರ್" ಎಂದೆ. ಕೈಯಲ್ಲಿದ್ದ ಕೋವವನ್ನು ಆಮೇಲೆ ತಿಂದೆ.

ಈ ಪ್ರಸಂಗದಿಂದ ನನ್ನ ಆತ್ಮವಿಶ್ವಾಸಕ್ಕೆ ಕುಂದು ಬಂದಿದೆ ಎಂದು ತಿಳಿದರೆ ನೀವು ನನ್ನನ್ನು ಬಲ್ಲವರಲ್ಲ. ತಂತಿ ಸರಿಯಿತ್ತು, ಡಬ್ಬಿ ಸರಿಯಿತ್ತು, ವೇಗ ಸರಿಯಿತ್ತು. ನನ್ನ ಯೋಜನೆಯಲ್ಲಿ ಒಂದೇ ಒಂದು ಕೊರತೆಯಿತ್ತು, ಅದು ನಾನು. ಅದನ್ನು ಸರಿಪಡಿಸುವುದು ಕಷ್ಟವೇನಲ್ಲ. ಮನೆಯಲ್ಲಿ ಯಜಮಾನರು ವೈಫೈ ಸ್ವಿಚ್ಚಿನ ಮೇಲೆ ಗಾಯದ ಪಟ್ಟಿ ಅಂಟಿಸಿದ್ದಾರೆ. ಬಂದ ನೆಂಟರೆಲ್ಲ ಸ್ವಿಚ್ಚಿಗೆ ಏನು ಪೆಟ್ಟಾಯಿತು ಎಂದು ಕೇಳುತ್ತಾರೆ, ಯಜಮಾನರು ಕೆಮ್ಮುತ್ತಾರೆ. ಛತ್ರ ನೋಡಲು ಹೋಗುವ ಪರಿಚಿತರು ಈಗಲೂ ನನ್ನನ್ನೇ ಕರೆದುಕೊಂಡು ಹೋಗುತ್ತಾರೆ. ನಾನು ಬಾಗಿಲಲ್ಲೇ ನೆಟ್ ಬಗ್ಗೆ ಕೇಳುತ್ತೇನೆ, ಒಳಗೆ ಹೋಗಿ ಸ್ವಿಚ್ ಬೋರ್ಡ್ ಎಲ್ಲಿದೆ ಎಂದು ನೋಡುತ್ತೇನೆ, ಅದು ಬಾಗಿಲ ಪಕ್ಕದಲ್ಲಿದ್ದರೆ ತಲೆಯಾಡಿಸಿ ಬೇಡವೆನ್ನುತ್ತೇನೆ. ಮ್ಯಾನೇಜರುಗಳಿಗೆ ಕಾರಣ ತಿಳಿಯುವುದಿಲ್ಲ. ವಾಸ್ತು ಇರಬೇಕು ಎಂದುಕೊಂಡು ಗೌರವದಿಂದ ಸುಮ್ಮನಾಗುತ್ತಾರೆ.

ಮೊನ್ನೆ ಕೋಲಾರದಲ್ಲಿ ಶಾಹೀನಳ ಮಗಳ ನಿಕಾಹ್ ಆಯಿತು. ದೂರದೇಶದಲ್ಲಿರುವ ಅವಳ ಅಣ್ಣಂದಿರು, ಅತ್ತಿಗೆಯರು ಎಲ್ಲ ಪರದೆಯ ಮೇಲೆ ಕುಳಿತು ನೋಡಬೇಕಿತ್ತು. "ನೆಟ್ ಜವಾಬ್ದಾರಿ ನಿಂದೇ ಯಶೂ, ನಿನ್ನ ಬಿಟ್ರೆ ನನಗೆ ಇನ್ಯಾರ ಮೇಲೂ ಭರೋಸಾ ಇಲ್ಲ" ಎಂದು ಶಾಹೀನ್ ಮನೆಗೇ ಬಂದು ಕರೆದಳು. ನಾನು ರೇಷ್ಮೆ ಸೀರೆ ಉಟ್ಟು, ಜವಾಬ್ದಾರಿಯ ಮುಖ ಹೊತ್ತು ಹೋದೆ. ಡಬ್ಬಿ ಇದ್ದ ಕೋಣೆಯ ಬಾಗಿಲಲ್ಲೇ ಅವಳು ನನ್ನ ಎಡಗೈಗೆ ಶರಬತ್ತಿನ ತಟ್ಟೆಯನ್ನೂ ಬಲಗೈಗೆ ಖರ್ಜೂರದ ತಟ್ಟೆಯನ್ನೂ ಕೊಟ್ಟು, "ಬಂದವರಿಗೆ ಕೊಡ್ತಾ ಇರು, ತಟ್ಟೆ ಮಾತ್ರ ಎಲ್ಲೂ ಕೆಳಗೆ ಇಡಬೇಡ" ಎಂದಳು. ತಟ್ಟೆ ಖಾಲಿಯಾದಂತೆಲ್ಲ ಯಾರೋ ಬಂದು ತುಂಬಿ ಹೋಗುತ್ತಿದ್ದರು. ಹಾಗೆ ಎರಡೂ ಕೈ ತುಂಬಿಕೊಂಡು ನಾನು ಸಂಜೆಯವರೆಗೂ ನಿಂತೆ. ನಿಕಾಹ್ ಮುಗಿದು ದೂರದೇಶದವರು ಪರದೆಯ ಮೇಲಿಂದ ಕಣ್ಣೊರೆಸಿಕೊಂಡು ಕೈಬೀಸುವವರೆಗೂ ನೆಟ್ ಒಂದು ಕ್ಷಣವೂ ನಿಲ್ಲಲಿಲ್ಲ. ಅದರ ಉಸ್ತುವಾರಿ ಯಾರದಾಗಿತ್ತು ಎಂದು ಕೇಳಿದವರಿಗೆಲ್ಲ ನಾನು ಹೆಮ್ಮೆಯಿಂದ ಹೇಳುತ್ತೇನೆ, ನನ್ನದೇ ಎಂದು.